ಗಾಲಿಮನೆಯ ಕರೆಂಟು

ಮನೆಯಲ್ಲಿ ಕರೆಂಟು ಹೋದರೆ ನನಗೆ ಅಂಥಾ ಬೇಸರವೇನೂ ಇಲ್ಲ. ಹುಮನಾಬಾದಿನಲ್ಲಿ ಸಂಸಾರ ಮಾಡಿದವರಿಗೆ ಕರೆಂಟು ಅಂದರೆ ಅಳಿಯ ಇದ್ದ ಹಾಗೆ. ಬಂದರೆ ಓಡಾಡಿ ಉಪಚಾರ ಮಾಡಬೇಕು, ಹೋದರೆ ಕಾಲು ಚಾಚಿ ಕೂಡಬಹುದು. ನನಗೆ ಸಿಟ್ಟು ಬರುವುದು ಕರೆಂಟು ಇಲ್ಲದ ಕಡೆಗೂ ಅದನ್ನು ಹೊತ್ತುಕೊಂಡೇ ಹೋಗುತ್ತೇನೆ ಅನ್ನುವ ಗಂಡಸರನ್ನು ಕಂಡರೆ. ಅಂಥವರಲ್ಲಿ ಒಬ್ಬರನ್ನು ನಾನೇ ಕಟ್ಟಿಕೊಂಡಿದ್ದೇನೆ, ಅದಕ್ಕೇ ಇಷ್ಟು ಅಧಿಕಾರದಿಂದ ಹೇಳುತ್ತಿದ್ದೇನೆ.

ಎಂಬತ್ತರ ದಶಕದ ಮಾತು. ನಮ್ಮ ಮನೆಯವರದು ಮೋಟರ್ ವೈಂಡಿಂಗ್ ಅಂಗಡಿ. ಘಾಟಬೋರಾಳದ ಬಾವಿಯ ಮೋಟರು ಸುಟ್ಟರೂ ಹುಲಸೂರಿನ ಗಿರಣಿಯ ಮೋಟರು ಸುಟ್ಟರೂ ಇವರ ಬಾಗಿಲಿಗೇ ಬರಬೇಕು. ನಾನು ಕನ್ಯಾಶಾಲೆಯ ಟೀಚರು. ಇತಿಹಾಸ, ಭೂಗೋಳ ಎರಡೂ ನನ್ನ ತಲೆಗೇ. ಸಮುದ್ರದ ನೀರು ಉಪ್ಪಾಗಿರುತ್ತದೆ ಎಂದು ವರ್ಷಾ ವರ್ಷಾ ಕಲಿಸುತ್ತಾ ಬಂದೆ. ಒಂದು ಸಲ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ನೀವು ಬಾಯಾಗ ಹಾಕ್ಕೊಂಡು ನೋಡೀರೇನ್ರಿ?" ಅಂದಳು. ನಲವತ್ತು ದಾಟಿದ ಹೆಂಗಸು ನಾನು, ಕಾರಂಜಾ ಹೊಳೆ ಬಿಟ್ಟರೆ ದೊಡ್ಡ ನೀರು ಕಂಡವಳಲ್ಲ. "ಈ ಬ್ಯಾಸಗಿ ಸೂಟಿಗೆ ಹೋಗಿ ನೋಡಿ ಬಂದು ಹೇಳ್ತೀನಿ, ಕೂಡು" ಅಂದುಬಿಟ್ಟೆ.

ಆಡಿದ ಮಾತು ಹುಡುಗಿಯರ ಮುಂದೆ ಆಡಿದ್ದು. ಜೂನಿನಲ್ಲಿ ಶಾಲೆ ತೆರೆದ ದಿನವೇ ಕೇಳುತ್ತಾರೆ, ಬಿಡುವ ಪೈಕಿ ಅಲ್ಲ ಅವರು. ಮನೆಗೆ ಬಂದು ಇವರಿಗೆ, "ಬಂಗಾರ ಕೇಳಿಲ್ಲ, ರೇಷ್ಮಿ ಕೇಳಿಲ್ಲ. ರತ್ನಾಗಿರಿಗೆ ಕರಕೊಂಡು ಹೋಗಿ ಸಮುದ್ರ ತೋರಸ್ರಿ" ಅಂದೆ. ಇವರು ಖುಷಿಯಿಂದ ಒಪ್ಪಿದರು. ಇಷ್ಟು ಬೇಗ ಯಾಕೆ ಒಪ್ಪಿದರು ಎಂದು ನಾನು ಆವತ್ತೇ ಯೋಚಿಸಬೇಕಾಗಿತ್ತು.

ಮರುವಾರ ಇವರ ಹಳೆಯ ಜೀಪಿನ ಹಿಂದೆ ಒಂದು ತಗಡಿನ ಗಾಲಿಮನೆ ಬಂದು ನಿಂತಿತು. ರಸ್ತೆ ಕಂತ್ರಾಟುದಾರನೊಬ್ಬ ಲಿಲಾವಿಗೆ ಹಾಕಿದ್ದು, ಇವರು ಸವಾಲು ಕೂಗಿ ಕೊಂಡದ್ದು. ಡಾಂಬರು ಹಾಕುವಾಗ ಅವನ ಮೇಸ್ತ್ರಿ ಅದರಲ್ಲೇ ಮಲಗುತ್ತಿದ್ದನಂತೆ. ಡಾಂಬರಿನ ವಾಸನೆ ಇನ್ನೂ ಹೋಗಿರಲಿಲ್ಲ. ಎರಡು ಪಲ್ಲಂಗ, ಒಂದು ಕಿಟಕಿ. "ಲಾಜಿಂಗ್ ಯಾಕ ಬೇಕು, ಎಲ್ಲಿ ಮನಸ್ಸು ಬರ್ತದ ಅಲ್ಲಿ ನಿಲ್ಲೋದು. ಯಾರ ಹಂಗೂ ಇಲ್ಲ" ಅಂದರು ಇವರು. ಆ ‘ಯಾರ ಹಂಗೂ ಇಲ್ಲ’ ಅನ್ನುವುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಮೇಸ್ತ್ರಿ ಕಂದೀಲಿನಲ್ಲಿ ಕಾಲ ಕಳೆದಿದ್ದ. ನಮ್ಮವರಿಗೆ ಅದು ಆದೀತೇ? ಲಾರಿಯ ಬ್ಯಾಟರಿ ತಂದರು. ಬ್ಯಾಟರಿಯ ಕರೆಂಟಿಗೂ ಮನೆಯ ಕರೆಂಟಿಗೂ ಒಂದಕ್ಕೊಂದು ಹೊಂದಾಣಿಕೆ ಇಲ್ಲವಂತೆ. ಎರಡು ಮನೆತನಕ್ಕೂ ಬೀಗತನ ಕೂಡಿಸುವ ಪೆಟ್ಟಿಗೆಗೆ ಇನ್ವರ್ಟರ್ ಅಂತ ಹೆಸರಂತೆ. ಅದನ್ನು ಇವರೇ ತಂತಿ ಸುತ್ತಿ ಮಾಡಿದರು. ಗೋಡೆಗೆ ಎರಡು ಸಾಕೆಟ್ಟು ಕೂಡಿಸಿದರು. ಗುಂಡಿ ಒತ್ತಿದರೆ ಪೆಟ್ಟಿಗೆ ‘ಗುಂಯ್’ ಅನ್ನುವುದು, ಮೇಜಿನ ಮೇಲಿನ ಫ್ಯಾನು ಒಂಚೂರು ನರಳಿ ತಿರುಗುವುದು. ಖರೆ ಹೇಳುತ್ತೇನೆ, ಮೊದಲ ದಿನ ಆ ಗಾಳಿಗೆ ಮುಖ ಒಡ್ಡಿ ನಾನೂ ಹಿಗ್ಗಿದೆ.

ಆಮೇಲೆ ಶುರುವಾಯಿತು ನೋಡ್ರಿ. ಫ್ಯಾನಿಗೆ ಒಂದು ಬ್ಯಾಟರಿ ಸಾಲದು, ಇನ್ನೊಂದು ಬಂತು. ಫ್ಯಾನು ಬಂದ ಮೇಲೆ ಮಿಕ್ಸರ್ ಯಾಕೆ ಬೇಡ? ಅದಕ್ಕೆ ಮತ್ತೊಂದು. ಬ್ಯಾಟರಿಗೆ ಕುಡಿಸಲು ಡಿಸ್ಟಿಲ್ಡ್ ವಾಟರ್ ಬಾಟಲಿಗಳ ಸಾಲು, ಚಾರ್ಜ್ ಮಾಡುವ ಯಂತ್ರ, ವೈರಿನ ಸುರುಳಿ. ಪಲ್ಲಂಗದ ಕೆಳಗೆ ಹಿಡಿಸದೆ ಪಲ್ಲಂಗವನ್ನೇ ಎತ್ತರಿಸಿದರು. ಎದ್ದು ಕೂತರೆ ತಲೆ ತಗಡಿಗೆ ಬಡಿಯುತ್ತಿತ್ತು. ಮನೆಯ ಸುಖವೆಲ್ಲ ಗಾಲಿಯ ಮೇಲೆ ಏರಿತು, ಏರಲು ಜಾಗ ಇಲ್ಲದಿದ್ದದ್ದು ನನಗೆ ಮತ್ತು ನನ್ನ ಸೀರೆಯ ಗಂಟಿಗೆ.

"ಇಷ್ಟೆಲ್ಲಾ ಬ್ಯಾಟರಿ ಖಾಲಿ ಆದ್ರ ಹ್ಯಾಂಗ್ರಿ?" ಎಂದು ಕೇಳಿದೆ.

"ದಾರ್ಯಾಗ ಮಂದಿ ಇಲ್ಲೇನು? ಮೊದಲ ದಿನ ಕಲ್ಯಾಣದಾಗ ನಿಮ್ಮ ಅಕ್ಕನ ಮನಿ. ಅಲ್ಲಿಂದ ಸೋಲಾಪುರದಾಗ ನಮ್ಮ ಅತ್ತಿ. ಮುಂದ ಕರಾಡದಾಗ ಕಾಕಾನ ಮಗ. ಎಲ್ಲರ ಮನ್ಯಾಗೂ ಸಾಕೆಟ್ ಅದ."

ಹೀಗೆ, ಯಾರ ಹಂಗೂ ಬೇಡವೆಂದು ಕಟ್ಟಿದ ಗಾಲಿಮನೆ ಬೀಗರ ಸಾಕೆಟ್ಟಿನಿಂದ ಬೀಗರ ಸಾಕೆಟ್ಟಿಗೆ ಹೋಗುವುದೆಂದು ಗೊತ್ತಾಯಿತು.

ಮೇ ತಿಂಗಳ ಉರಿಯಲ್ಲಿ ಬಸವಕಲ್ಯಾಣ ಮುಟ್ಟಿದೆವು. ಅಕ್ಕ ಬಾಗಿಲಲ್ಲೇ ನಿಂತಿದ್ದಳು. ನಾವು ರಾತ್ರಿ ಗಾಲಿಮನೆಯಲ್ಲೇ ಮಲಗುವವರೆಂದು ಕೇಳಿ ಹೌಹಾರಿದಳು. "ಏನವ್ವಾ, ನನ್ನ ಮಾನ ಕಳೀಲಿಕ್ಕೆ ಬಂದೀಯೇನು? ಮನಿ ಮುಂದ ಡಬ್ಬಿದಾಗ ತಂಗಿ ಮಲಗ್ಯಾಳಂದ್ರ ಓಣಿ ಮಂದಿ ಏನಂದಾರ? ನಡಿ ಒಳಗ!" ಅಲ್ಲಿಗೆ ನಮ್ಮ ಬಿಡಾರದ ಸುಖ ಮುಗಿಯಿತು. ನಮ್ಮ ಸೀಮೆಯಲ್ಲಿ ನೆಂಟರಿರುವ ಊರಲ್ಲಿ ಹೊರಗೆ ಮಲಗುವುದು ಜಗಳಾಡಿದವರ ಲಕ್ಷಣ. ನೆಂಟರಿಲ್ಲದ ಊರಲ್ಲಿ ಸಾಕೆಟ್ಟು ಇಲ್ಲ. ಈ ಎರಡರ ನಡುವೆ ಗಾಲಿಮನೆಯಲ್ಲಿ ಮಲಗುವುದಾದರೂ ಯಾವ ಊರಲ್ಲಿ, ನೀವೇ ಹೇಳಿ.

ಒಳಗೆ ಅಕ್ಕನ ಮಗಳು ಬಾಣಂತಿ. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು. ಎಳೆಗೂಸಿನ ಮೈತುಂಬ ಬೆವರುಸಾಲೆ, ಅಳುವುದೊಂದೇ ಕೆಲಸ. ಕರೆಂಟು ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿತ್ತು. ಬೀಸಣಿಕೆ ಬೀಸಿ ಬೀಸಿ ಅಕ್ಕನ ತೋಳು ಬಿದ್ದುಹೋಗಿತ್ತು. ಇವರು ಅಂಗಳಕ್ಕೆ ಹೋದರು, ಗಾಲಿಮನೆಯ ಸಾಕೆಟ್ಟಿನಿಂದ ಕಿಟಕಿಯೊಳಗೆ ವೈರು ಎಳೆದು ತೊಟ್ಟಿಲಿನ ಕಡೆಗೆ ಫ್ಯಾನು ತಿರುಗಿಸಿದರು. ಕೂಸು ಒಂದು ಸಲ ಬಿಕ್ಕಿ ನಿದ್ದೆ ಹೋಯಿತು. ಅಕ್ಕ ಇವರ ಮುಂದೆ ಕೈ ಮುಗಿಯುವುದೊಂದು ಬಾಕಿ. ನನಗೂ ಇವರ ಮೇಲೆ ಪ್ರೀತಿ ಉಕ್ಕಿತು, ಸುಳ್ಳೇಕೆ ಹೇಳಲಿ.

ಪ್ರೀತಿಯ ಹಿಂದೆಯೇ ಅಂಜಿಕೆಯೂ ಬಂತು. ಬ್ಯಾಟರಿ ರಾತ್ರಿ ತುಂಬುವುದು, ಹಗಲು ಕೂಸಿಗೆ ಖಾಲಿಯಾಗುವುದು, ಮತ್ತೆ ರಾತ್ರಿ ತುಂಬುವುದು. ಹೊರಡುವ ಮಾತೆತ್ತಿದರೆ ಇವರು, "ಕೂಸಿನ ಫ್ಯಾನ್ ಕಿತ್ಕೊಂಡು ಹೋಗ್ಲೇನು?" ಅನ್ನುವರು. ಯಾರು ಹೌದು ಅಂದಾರು? ಬಿಟ್ಟುಹೋಗೋಣ ಅಂದರೆ ಪೆಟ್ಟಿಗೆ ಕೈಯಿಂದ ಮಾಡಿದ್ದು, ಅದರ ಮುನಿಸು ಇವರಿಗೆ ಮಾತ್ರ ಗೊತ್ತು. ತೊಟ್ಟಿಲ ಹತ್ತಿರ ಕಿಡಿ ಹಾರಿದರೆ ಯಾರು ಹೊಣೆ?

ಕಲ್ಯಾಣದ ಗುಣವೇ ಅದಿರಬೇಕು. ಚಾಲುಕ್ಯರ ಶಾಸನಗಳಲ್ಲಿ ಇದನ್ನು ನೆಲೆವೀಡು ಎನ್ನುತ್ತಾರೆ. ಬೀಡು ಅಂದರೆ ದಂಡು ಇಳಿಯುವ ಬಿಡಾರ. ಇಳಿದವರು ಏಳದೆ ನೆಲೆ ನಿಂತರೆ ನೆಲೆವೀಡು. ಇದನ್ನು ನಾನು ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ರಾಜರು ಯಾಕೆ ಏಳಲಿಲ್ಲ ಎಂದು ಯಾರೂ ಕೇಳಿರಲಿಲ್ಲ. ಅವರ ರಾಣಿಯ ಅಕ್ಕನ ಮನೆಯೂ ಈ ಊರಲ್ಲೇ ಇದ್ದೀತು ಎಂದು ಈಗ ನನಗೆ ಅನ್ನಿಸುತ್ತದೆ.

ಸೂಟಿ ಕರಗುತ್ತಾ ಬಂತು. ಒಂದು ಬೆಳಿಗ್ಗೆ ಜೋಳದ ಹಿಟ್ಟು ನಾದುತ್ತಾ ನನ್ನ ಕಣ್ಣು ತುಂಬಿತು. ಅಕ್ಕ ಕಂಡಳು. ಕಾರಣ ಹೇಳಿದೆ. ಅವಳು ನಗುತ್ತಾಳೆಂದುಕೊಂಡಿದ್ದೆ, ನಗಲಿಲ್ಲ. "ಸಮುದ್ರ ನೋಡಬೇಕಾದವಳು ನೀನು. ಅವರಿಗೆ ಫ್ಯಾನ್ ನೋಡಿದ್ರ ಸಾಕಾಗ್ಯಾದ. ನೀ ಬಸ್ಸಿಗೆ ಹೋಗು" ಅಂದಳು. ಹೊರಗೆ ಇವರು ಬ್ಯಾಟರಿಗೆ ನೀರು ಹಾಕುತ್ತಿದ್ದರು. "ನಾ ಒಬ್ಬಾಕೀನೇ ಹೋಗಿ ಬರ್ತೀನ್ರಿ" ಅಂದೆ. ಇವರು ಕೈ ತಡೆದು ನನ್ನನ್ನೇ ನೋಡಿದರು. "ಒಬ್ಬಾಕೀನೇ? ಬಸ್ಸಿನ್ಯಾಗ ಸೆಕಿ ಭಾಳ ಆಗ್ತದಲ್ಲ" ಅಂದರು ಅಷ್ಟೇ. ಆಮೇಲೆ ತಾವೇ ಬಂದು ಕೆಂಪು ಬಸ್ಸಿಗೆ ಹತ್ತಿಸಿ, ಅದು ತಿರುಗುವವರೆಗೆ ಬಿಸಿಲಲ್ಲೇ ನಿಂತಿದ್ದರು.

ದಾರಿ ಅದೇ. ಸೋಲಾಪುರದ ಅತ್ತೆ, ಕರಾಡದ ಮೈದುನ. ಎಲ್ಲರ ಮನೆಯಲ್ಲೂ ಊಟ, ಹಾಸಿಗೆ, ಮತ್ತು ಒಂದೇ ಪ್ರಶ್ನೆ, ‘ಯಜಮಾನ್ರು ಎಲ್ಲಿ?’ "ಫ್ಯಾನ್ ಕಾಯಾಕತ್ತಾರ್ರಿ" ಎನ್ನುತ್ತಾ ಹೋದೆ. ಕೊನೆಗೆ ಒಂದು ಮುಂಜಾನೆ ಬಸ್ಸು ಘಾಟ್ ಇಳಿದು, ತೆಂಗಿನ ಗಿಡಗಳ ಆಚೆಗೆ ನೆಲವೇ ಮುಗಿದುಹೋಯಿತು. ಸೀರೆ ಎತ್ತಿಕಟ್ಟಿ ಮೊಣಕಾಲ ತನಕ ನೀರಿಗಿಳಿದೆ. ಬೊಗಸೆ ತುಂಬಿ ಬಾಯಿಗೆ ಹಾಕಿಕೊಂಡೆ. ಅವ್ವಾ, ಏನು ಉಪ್ಪು! ಉಗುಳಿ, ನಕ್ಕು, ಮತ್ತೊಮ್ಮೆ ಹಾಕಿಕೊಂಡೆ. ಇವರು ಪಕ್ಕದಲ್ಲಿ ಇರಬೇಕಾಗಿತ್ತು ಎಂದು ಜೋರಾಗಿ ಹೇಳಿಯೂ ಹೇಳಿದೆ. ಅಲ್ಲಿ ಕೇಳುವವರು ಯಾರೂ ಇರಲಿಲ್ಲ.

ಬಾಟಲಿಯೊಂದರಲ್ಲಿ ನೀರು ತುಂಬಿಕೊಂಡು ಬಂದೆ. ಕಲ್ಯಾಣದ ಅಂಗಳದಲ್ಲಿ ಕಾಲಿಟ್ಟ ಕೂಡಲೇ ಇವರು ಕೇಳಿದ್ದು, "ಅಲ್ಲಿ ಕರೆಂಟ್ ಇತ್ತೇನು?"

"ನಾ ನೋಡ್ಲಿಲ್ರಿ" ಅಂದೆ.

ಬಾಟಲಿ ಕೊಟ್ಟೆ. ಇವರು ಬೆರಳು ಅದ್ದಿ ನೆಕ್ಕಿ ಮುಖ ಕಿವುಚಿದರು. ಮತ್ತೆ ಬ್ಯಾಟರಿಯ ಆ್ಯಸಿಡ್ ಎಷ್ಟಿದೆ ಎಂದು ನೋಡುವ ಗಾಜಿನ ಕೊಳವೆ ತಂದು ಅದರಲ್ಲಿ ಅದ್ದಿ, ಬೆಳಕಿಗೆ ಹಿಡಿದು, ಗಂಭೀರವಾಗಿ ತಲೆಯಾಡಿಸಿದರು. "ಪೂರಾ ಡಿಸ್ಚಾರ್ಜ್ ಆಗ್ಯಾದ."

ಜೂನಿನಲ್ಲಿ ಹುಡುಗಿಯರೆಲ್ಲ ಸಾಲಾಗಿ ಬಂದು ಒಂದೊಂದು ಹನಿ ನೆಕ್ಕಿದರು. ಪ್ರಶ್ನೆ ಕೇಳಿದವಳು ಎರಡು ಸಲ ನೆಕ್ಕಿ, "ಖರೇನೇ ಅದರಿ" ಎಂದು ಒಪ್ಪಿದಳು. ಮಳೆ ಹಿಡಿದು ಕೂಸಿನ ಸೆಕೆ ಇಳಿದ ಮೇಲೆ ಇವರೂ ಊರಿಗೆ ಬಂದರು, ಗಾಲಿಮನೆ ಅಕ್ಕನ ಅಂಗಳದಲ್ಲೇ ನೆಲೆನಿಂತಿತು. ಈಗ ಅದರಲ್ಲಿ ಕೋಳಿಗಳಿವೆ. ಡಿಸ್ಟಿಲ್ಡ್ ವಾಟರ್ ಬಾಟಲಿಗಳು ಮಾತ್ರ ನಮ್ಮ ಮನೆಯ ಗೋಡೆಯ ಮಾಡಕ್ಕೆ ವಾಪಸು ಬಂದವು. ಉಳಿದ ಸಮುದ್ರವನ್ನು ನಾನು ಅವುಗಳ ಪಕ್ಕದಲ್ಲೇ ಇಟ್ಟು, ‘ಇದು ಬ್ಯಾಟರಿಗೆ ಅಲ್ಲ’ ಎಂದು ಚೀಟಿ ಬರೆದು ಅಂಟಿಸಿದೆ.

ಇವರು ಚೀಟಿಯನ್ನು ಬಹಳ ಹೊತ್ತು ಓದಿದರು. ಅಷ್ಟು ಓದುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಆಮೇಲೆ ನನ್ನ ಕಡೆಗೆ ತಿರುಗದೆಯೇ ಕೇಳಿದರು, "ಆ ಬಸ್ಸಿನ್ಯಾಗ ಕಿಟಕಿ ಕಡೆ ಸೀಟು ಸಿಗ್ತದೇನು?"