ಗೆಜ್ಜೆ ಕಟ್ಟಿದ ಬೀಗ

ಸತ್ತವರು ತಿರುಗಿ ಬರುತ್ತಾರೆ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಸುರಪುರದ ಪಶು ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷ ಕುರಿಗಳಿಗೆ ಸೂಜಿ ಚುಚ್ಚಿದವನು ನಾನು. ಸತ್ತ ಕುರಿ ಎದ್ದು ಬಂದದ್ದನ್ನು ಒಮ್ಮೆಯೂ ಕಂಡಿಲ್ಲ, ಮನುಷ್ಯರು ಹೇಗೆ ಬಂದಾರು ಎಂದು ವಾದ ಹೂಡುತ್ತಿದ್ದೆ. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ನನ್ನ ಬಾಯಿ ಮುಚ್ಚಿತು. ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಮೊದಲು ನನ್ನ ಅಕ್ಕ ಮಾಳಮ್ಮನ ವಿಷಯ ಹೇಳಬೇಕು. ನಾವು ಸಗರದವರು, ಕುರಿ ಸಾಕುವ ಮನೆತನ. ಅಕ್ಕನನ್ನು ಶಿರವಾಳದ ಹಣಮಂತನಿಗೆ ಕೊಟ್ಟಿದ್ದೆವು. ಅವಳು ತನ್ನ ಮನೆಯ ಬೀಗಕ್ಕೆ ಕುರಿಮರಿಯ ಕೊರಳ ಗೆಜ್ಜೆಯೊಂದನ್ನು ತಂತಿಯಿಂದ ಬಿಗಿದಿದ್ದಳು. ಹಿತ್ತಲಲ್ಲಿದ್ದರೂ ಯಾರಾದರೂ ಬೀಗ ಮುಟ್ಟಿದರೆ ತನಗೆ ಗೊತ್ತಾಗಬೇಕು ಎನ್ನುತ್ತಿದ್ದಳು. ಏಳು ತಿಂಗಳ ಬಸುರಿಯಾಗಿದ್ದಾಗ ಒಂದು ದಿನ ಗಂಡ ಹೆಂಡತಿಗೆ ಜಗಳವಾಯಿತು. ಹಣಮಂತ ಅವಳ ಫೋನು ಕಿತ್ತುಕೊಂಡು, ಹೊರಗಿನಿಂದ ಅದೇ ಬೀಗ ಜಡಿದು, ಶಹಾಪುರದಲ್ಲಿ ಯಾರದೋ ಮದುವೆಗೆ ಹೋದ. ಒಳಗೆ ಅಕ್ಕನಿಗೆ ರಕ್ತ ಹೋಗತೊಡಗಿತು. ಮರುದಿನ ಅವನು ಬಂದು ಬಾಗಿಲು ತೆಗೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನಾನು ಹೋದಾಗ ಆ ಬೀಗ ಜೋಳದ ಚೀಲದ ಹಿಂದೆ ಬಿದ್ದಿತ್ತು. ಪಕ್ಕದ ಮನೆಯ ಮುದುಕಿ ನನ್ನನ್ನು ಮರೆಗೆ ಕರೆದಳು. "ರಾತ್ರಿಯೆಲ್ಲಾ ಬಾಗ್ಲಾ ಬಡದಾಳ ತಮ್ಮಾ, ಗೆಜ್ಜಿ ಸಪ್ಪಳಾ ಕೇಳಸ್ತಿತ್ತು. ಗಂಡ ಹೇಣ್ತಿ ಜಗಳ ಅಂತ ನಾ ಸುಮ್ಮಾದೆ. ನನ್ನ ಹೆಸರ ಹೇಳಬ್ಯಾಡಪಾ," ಎಂದಳು.

ಅಂಗಳದಲ್ಲಿ ಹಿರಿಯರು ಕೂತರು. ನಾನು ಬೀಗ ತೋರಿಸಿದೆ. ಎಲ್ಲರ ಮನೆಯಲ್ಲೂ ಬೀಗ ಇರುತ್ತದಲ್ಲ ಎಂದರು. ಹಣಮಂತ ಕಂಬಳಿ ಮುಟ್ಟಿ ಆಣೆ ಮಾಡಿ, "ನಾ ಬೀಗ ಹಾಕಿಲ್ರಿ, ಅಕಿಗೆ ಆರಾಮಿಲ್ಲ ಅಂಬೋದೂ ನನಗ ಗೊತ್ತಿದ್ದಿಲ್ಲ," ಎಂದ. ಕಂಬಳಿ ಮುಟ್ಟಿ ಸುಳ್ಳು ಹೇಳುವ ಎದೆ ನಮ್ಮವರಲ್ಲಿ ಯಾರಿಗೂ ಇಲ್ಲ ಎಂಬುದು ಹಿರಿಯರ ನಂಬಿಕೆ. ಅಲ್ಲಿಗೆ ಮಾತು ಮುಗಿಯಿತು, ಪೊಲೀಸರವರೆಗೆ ಹೋಗಲೂ ಬಿಡಲಿಲ್ಲ. ಅವ್ವ ಹಟ ಹಿಡಿದಿದ್ದರಿಂದ ಮಣ್ಣು ಮಾತ್ರ ಸಗರದ ನಮ್ಮ ಹೊಲದಲ್ಲೇ ಆಯಿತು. ಎಲ್ಲರೂ ಹಿಡಿ ಮಣ್ಣು ಹಾಕುವಾಗ ನಾನು ಮಣ್ಣಿನ ಜೊತೆಗೆ ಆ ಬೀಗವನ್ನೂ ಕುಣಿಗೆ ಬಿಟ್ಟೆ. "ಅಕ್ಕಾ, ಅವನ್ನ ಬಿಡಬ್ಯಾಡ," ಎಂದೆ. ಪಕ್ಕದಲ್ಲಿದ್ದ ಅವ್ವನಿಗೆ ಮಾತು ಕೇಳಿಸಿತು, ಬೀಗ ಕಾಣಿಸಲಿಲ್ಲ. ಬೀಗದ ವಿಷಯ ನಾನು ಯಾರಿಗೂ ಹೇಳಲಿಲ್ಲ.

ಇದಾಗಿ ಎಂಟು ವರ್ಷವಾಗಿತ್ತು. ಕುರಿ ಸಾಕಣೆಯ ಬಗ್ಗೆ ನಾಲ್ಕು ಮಾತು ಹೇಳಲು ಬೆಂಗಳೂರಿನವರು ನನ್ನನ್ನು ಕರೆದು, ಟಿಕೆಟನ್ನೂ ತಾವೇ ಕಳಿಸಿದ್ದರು. ವಿಮಾನ ನನಗೆ ಅದೇ ಮೊದಲು. ನಮ್ಮ ಕಡೆಯ ವಿಮಾನ ನಿಲ್ದಾಣ ನೀವು ನೋಡಿದ್ದರೆ ಗೊತ್ತು, ನಮ್ಮ ಬಸ್ ನಿಲ್ದಾಣವೇ ಅದಕ್ಕಿಂತ ದೊಡ್ಡದು. ಸುತ್ತ ತೊಗರಿ ಹೊಲ, ನಡುವೆ ಒಂದು ಕಟ್ಟಡ, ಒಂದೇ ಸಾಲು, ದಿನಕ್ಕೆ ಒಂದು ವಿಮಾನ. ಆ ಸಾಲಿನಲ್ಲಿ ನನ್ನ ಮುಂದೆಯೇ ಹಣಮಂತ ನಿಂತಿದ್ದ.

ಮಾವ ಎಂದು ಅವನನ್ನು ಬಾಯಿ ತುಂಬ ಕರೆದವನು ನಾನು. ನನ್ನನ್ನು ನೋಡಿ ಮುಖ ತಿರುಗಿಸಿದ. ಈಗ ಗುತ್ತೇದಾರ, ನಮ್ಮ ಕಡೆಯ ಜನರನ್ನು ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಒಯ್ಯುತ್ತಾನೆ. ಜೊತೆಗೆ ಹೊಸ ರುಮಾಲು ಸುತ್ತಿದ ಹಿರಿಯರೊಬ್ಬರಿದ್ದರು. ಅವರ ಮಾತಿನಿಂದಲೇ ತಿಳಿಯಿತು, ಅವರು ಹಣಮಂತ ಮದುವೆಯಾಗಲಿದ್ದ ಹುಡುಗಿಯ ಸೋದರಮಾವ. ಅವಳ ತಾಯಿ ತಂದೆ ಬೆಂಗಳೂರಿನಲ್ಲಿ ಇವನ ಕೈಕೆಳಗೇ ದುಡಿಯುವವರು. ಅಂದು ಸಂಜೆಯೇ ನಿಶ್ಚಯ. ಹುಡುಗಿಗೆ ಇಪ್ಪತ್ತು ತುಂಬಿಲ್ಲ.

ನನ್ನ ಮೈ ಉರಿಯಿತು. ಅವನ ಕುತ್ತಿಗೆ ನನ್ನ ಕೈಗೆ ಎರಡು ಮೊಳ ದೂರದಲ್ಲಿತ್ತು. ಆ ಹಿರಿಯರಿಗೆ ಹೇಳಿಬಿಡಲೇ ಎನಿಸಿತು. ಹೇಳಿದರೆ ಸಾಕ್ಷಿ ಏನು? ಅವನು ಕಂಬಳಿ ಮುಟ್ಟಿ ಗೆದ್ದವನು. ಇನ್ನೊಬ್ಬಳು ಆ ಮನೆಯ ಬಾಗಿಲು ದಾಟುತ್ತಾಳೆ, ನಾನು ನೋಡುತ್ತ ನಿಂತಿದ್ದೇನೆ. ಅಕ್ಕಾ, ಎಲ್ಲಿ ಸತ್ತೆ ನೀನು ಎಂದು ಮನಸ್ಸಿನಲ್ಲೇ ಬೈದೆ.

ಹಣಮಂತನ ಚೀಲ ತಪಾಸಣೆಯ ಯಂತ್ರದೊಳಗೆ ಹೋಯಿತು. ನಾನು ನಿಂತಲ್ಲಿಂದ ಪರದೆ ಓರೆಯಾಗಿ ಕಾಣುತ್ತಿತ್ತು. ಚೀಲದ ನಡುವೆ ಒಂದು ಬೀಗ. ಬೀಗದ ಕೊಂಡಿಗೆ ತಂತಿ, ತಂತಿಯಲ್ಲಿ ಒಂದು ಗೆಜ್ಜೆ. ನಾನು ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದೆ, ಇತ್ತು.

ಕಾವಲಿನವನು ಚೀಲ ತೆರೆಸಿದ. ಅಂಗಿ, ಧೋತರ, ಹುಡುಗಿಗೆಂದು ಒಯ್ದ ಹಸಿರು ಸೀರೆ, ಬಾಚಣಿಗೆ. ಮತ್ತೇನೂ ಇಲ್ಲ. ತಿರುಗಿ ಯಂತ್ರಕ್ಕೆ ಹಾಕಿದ, ಬೀಗ ಮತ್ತೆ ಕಂಡಿತು. ಒಳಗೆ ಕಬ್ಬಿಣದ್ದೇನೋ ಇದೆ, ತೆಗೆಯಿರಿ ಎಂದು ಹಿಂದಿಯಲ್ಲಿ ಹೇಳಿದ. ಬೀಗ ಎಂಬ ಮಾತು ಅವನ ಬಾಯಿಂದ ಬರಲೇ ಇಲ್ಲ, ಇದನ್ನು ಪ್ರಮಾಣ ಮಾಡಿ ಹೇಳಬಲ್ಲೆ. ಸಾಮಾನೆಲ್ಲ ಹೊರಗೆ ಸುರುವಿ, ಬರಿದಾದ ಚೀಲವನ್ನು ತಲೆಕೆಳಗೆ ಹಿಡಿದು ಝಾಡಿಸಿದ.

ಗೆಜ್ಜೆ ಸಪ್ಪಳ ಕೇಳಿಸಿತು.

"ಏನದು ಸಪ್ಪಳಾ?" ಎಂದರು ಹಿರಿಯರು.

ಹಣಮಂತ ಎರಡು ಹೆಜ್ಜೆ ಹಿಂದೆ ಸರಿದ. ಮುಖದಲ್ಲಿ ರಕ್ತವೇ ಇರಲಿಲ್ಲ. ಆಮೇಲೆ ಇಡೀ ಸಾಲಿಗೆ ಕೇಳುವ ಹಾಗೆ ಚೀರಿದ: "ಬೀಗ ತಗದೇನಲ್ಲಾ! ಮುಂಜಾನಿ ಬಂದು ನಾನ ತಗದೇನಿ! ಇನ್ನೂ ಯಾಕ ಬಡ್ಯಾಕತ್ತಾಳ ಅಕಿ?"

ಹಿರಿಯರು ಅವನನ್ನೇ ನೋಡಿದರು. "ಯಾರ್ನ ಒಳಗ ಹಾಕಿ ಬೀಗ ಹಾಕಿದ್ದಿ?"

ನಾನು ಮುಂದೆ ಬಂದೆ. "ನಮ್ಮ ಅಕ್ಕನ್ರಿ, ಕಾಕಾ. ಏಳ ತಿಂಗಳ ಬಸರಿ ಇದ್ಲು."

ಹಿರಿಯರು ನನ್ನ ಮುಖ ನೋಡಿದರು, ಅವನ ಮುಖ ನೋಡಿದರು. ನೆಲದ ಮೇಲಿದ್ದ ತಮ್ಮ ಕೈಚೀಲ ಎತ್ತಿಕೊಂಡರು. "ನೀ ಬರಬ್ಯಾಡ. ನಮ್ಮ ಹುಡುಗಿ ನಮ್ಮ ಮನ್ಯಾಗ ಇರ್ಲಿ," ಎಂದು ಹೇಳಿ ಒಳಗೆ ನಡೆದರು. ಹಣಮಂತ ಆ ಹಸಿರು ಸೀರೆಯ ಪಕ್ಕದಲ್ಲೇ ನೆಲಕ್ಕೆ ಕುಸಿದ. ಇನ್ನೊಮ್ಮೆ ಯಂತ್ರಕ್ಕೆ ಹಾಕಿದಾಗ ಚೀಲದಲ್ಲಿ ಏನೂ ಕಾಣಲಿಲ್ಲ. ಹೋಗಬಹುದು ಎಂದು ಕಾವಲಿನವನು ಹೇಳಿದರೂ ಅವನು ಏಳಲಿಲ್ಲ. ನನಗೆ ಭಯವಾಗಬೇಕಿತ್ತು, ಆಗಲಿಲ್ಲ. ಸಂತೋಷವಾಯಿತು. ಅಷ್ಟು ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಯಂತ್ರದ ದೋಷ ಇರಬಹುದೇ ಎಂದು ಯೋಚಿಸಿದ್ದೇನೆ. ನನ್ನ ಸಿಟ್ಟೇ ಕಣ್ಣಿಗೆ ಹಾಗೆ ಕಾಣಿಸಿತೇ ಎಂದೂ ಕೇಳಿಕೊಂಡಿದ್ದೇನೆ. ಆದರೆ ಕಾವಲಿನವನಿಗೆ ನನ್ನ ಅಕ್ಕ ಯಾರು? ಆ ಹಿರಿಯರ ಕಿವಿಗೆ ಸಪ್ಪಳ ಹೇಗೆ ಬಿತ್ತು? ಕುಣಿ ಅಗೆದರೆ ಬೀಗ ಅಲ್ಲಿದೆಯೋ ಇಲ್ಲವೋ ತಿಳಿದೀತು. ಅಗೆಯುವ ಧೈರ್ಯ ನನಗಿಲ್ಲ.

ಹಣಮಂತ ಈಗ ಮನೆಯ ಬಾಗಿಲುಗಳನ್ನೆಲ್ಲ ಕೀಳಿಸಿಹಾಕಿದ್ದಾನಂತೆ. ಆದರೂ ಬಡಿಯುವ ಸಪ್ಪಳ ನಿಂತಿಲ್ಲವಂತೆ. ಇದನ್ನು ಕೇಳಿ ಅವ್ವ ನನ್ನ ಕೈ ಹಿಡಿದುಕೊಂಡಳು. "ಸಾಕು ಮಗಾ. ಬಿಡು ಅಂತ ಹೇಳಿ ಬಾ. ನೀ ಬಿಡಬ್ಯಾಡ ಅಂದಿದ್ದಕ್ಕ ಅಕಿ ಅಲ್ಲೇ ನಿಂತಾಳ, ಅಕಿಗರೆ ಸುಖ ಎಲ್ಲೈತಿ?"

ಅವ್ವನ ಮಾತು ಸರಿ. ಅಮಾವಾಸ್ಯೆಗೆ ಎಡೆ ಒಯ್ದು ಅಕ್ಕನ ಕುಣಿಯ ಮುಂದೆ ಇಟ್ಟೆ, ಬಿಸಿಲು ಏರುವವರೆಗೂ ಕೂತೆ. ಒಂದೇ ಮಾತು, ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳು ಒಳಗಿನಿಂದ ಬಾಗಿಲು ಬಡಿದ ಆ ರಾತ್ರಿ ನೆನಪಾಯಿತು.

ಏನೂ ಹೇಳದೆ ಎದ್ದು ಬಂದೆ.