ಎಮರ್ಜೆನ್ಸಿ ಬ್ಯಾಗ್‌ನಲ್ಲಿ ಇಲ್ಲದ ಹಗ್ಗ

“ಇದೆಲ್ಲ ಎಂತ ಬಾಯಮ್ಮ, ಪಿಕ್‌ನಿಕ್ಕಾ?” ಫಳ್ನೀರಿನ ನಮ್ಮ ಫ್ಲಾಟಿಗೆ ಮೀನು ತರುವ, ಕಡಲ ಬದಿಯ ಬೆಂಗ್ರೆಯ ಗಿರಿಜ ಬಾಗಿಲಲ್ಲೇ ನನ್ನನ್ನು ನೋಡಿ ನಕ್ಕುಬಿಟ್ಟಳು. ಹಾಲ್‌ನಲ್ಲಿ ನನ್ನ ಮಗ ‘ಎಮರ್ಜೆನ್ಸಿ ಬ್ಯಾಗ್’ ತುಂಬಿಸುತ್ತಿದ್ದ. ನೆರೆ ಬಂದು ಮನೆಮಂದಿಯೆಲ್ಲ ತಿಂಗಳುಗಟ್ಟಲೆ ಕ್ಯಾಂಪಿನಲ್ಲಿ ಇರಬೇಕಾದರೆ ಬೇಕಾದದ್ದೆಲ್ಲ ಅದರಲ್ಲಿತ್ತಂತೆ: ಪವರ್ ಬ್ಯಾಂಕ್, ವಿಸಿಲ್, ಬಾದಾಮಿ, ಲ್ಯಾಮಿನೇಟ್ ಮಾಡಿದ ಆಧಾರ್. ನಾನೂ ಊಟದ ಮೇಜಿನ ಆರು ನ್ಯಾಪ್‌ಕಿನ್ ಇಸ್ತ್ರಿ ಮಾಡಿ ಕೊಟ್ಟಿದ್ದೆ. ಕಾನ್ವೆಂಟ್ ಮ್ಯಾನರ್ಸ್, ಯು ನೋ!

ಕಡಲು ಮನೆಗೆ ನುಗ್ಗಿದಾಗ ಗಿರಿಜ ಒಂದು ತಿಂಗಳು ಶಾಲೆಯ ಹಾಲ್‌ನಲ್ಲಿ ಮಲಗಿದವಳು. “ಹಗ್ಗ ಉಂಟಾ? ಎರಡು ಹಳೆ ಸೀರೆ?” ಎಂದಳು.

“ಬಟ್ಟೆ ಒಣಗಿಸಲಿಕ್ಕಾ?” ಮಗ ಕೇಳಿದ.

“ಅಲ್ಲ ಮಾರಾಯ್ರೆ, ಅಡ್ಡ ಕಟ್ಟಲಿಕ್ಕೆ. ಅಷ್ಟು ಜನರ ಎದುರು ಬಾಯಮ್ಮ ಸೀರೆ ಬದಲಿಸುವುದು ಹೇಗೆ? ನಿಮ್ಮ ವಿಸಿಲ್ ಊದಿಕೊಂಡಾ?”

ಮನೆಯಲ್ಲಿ ಮೂವರು ಹೆಂಗಸರಿದ್ದೇವೆ ಎಂಬುದು ಮಗನ ಲಿಸ್ಟಿಗೆ ಗೊತ್ತೇ ಇರಲಿಲ್ಲ. ನನಗಾದರೂ ಗೊತ್ತಿರಬೇಕಿತ್ತು. ಕಾನ್ವೆಂಟ್ ಬೋರ್ಡಿಂಗ್‌ನಲ್ಲಿ ಗೆಳತಿಯರು ಅಡ್ಡ ಹಿಡಿದ ಬೆಡ್‌ಶೀಟಿನ ಹಿಂದೆಯೇ ಬಟ್ಟೆ ಬದಲಿಸಿ ಬೆಳೆದವಳು ನಾನು. ನೆನಪಿಟ್ಟುಕೊಂಡದ್ದು ಮಾತ್ರ ನ್ಯಾಪ್‌ಕಿನ್! ಈಗ ಅವುಗಳ ಜಾಗದಲ್ಲಿ ಹಗ್ಗವೂ ಎರಡು ಹತ್ತಿ ಸೀರೆಗಳೂ ಇವೆ. ವಿಸಿಲನ್ನು ಮಗ ಬಿಟ್ಟುಕೊಡಲಿಲ್ಲ.