ಅಂಗಳದಲ್ಲೊಂದು ಇಂಟಿಗ್ರಲ್

ಕಳೆದ ತಿಂಗಳು ಕೊಟ್ಟೂರಿಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನಿಂದ ಅಣ್ಣನ ಮನೆಗೆ ಬೆಳಿಗ್ಗೆ ನಡೆದುಕೊಂಡು ಹೋಗುವಾಗ, ಹಳೇ ಓಣಿಯಲ್ಲಿ ನಾವಿದ್ದ ಮನೆಯ ಪಕ್ಕದ ಮನೆ ಬಾಗಿಲ ಮುಂದೆ ಕಾಲು ತಾನಾಗಿಯೇ ನಿಂತಿತು. ಸಗಣಿ ನೀರು ಹಾಕಿದ ಅಂಗಳ ಇನ್ನೂ ಹಸಿ ಇತ್ತು, ಅದರ ವಾಸನೆಯೂ ಇತ್ತು. ನಡುವೆ ಸಾದಾ ಚುಕ್ಕಿ ರಂಗೋಲಿ. ಅದರ ಬಲಕ್ಕೆ, ಇಂಗ್ಲಿಷಿನ ಎಸ್ ಅಕ್ಷರವನ್ನು ತಲೆ ಕಾಲು ಹಿಡಿದು ಜಗ್ಗಿದಂತೆ ಉದ್ದಕ್ಕೊಂದು ಗೆರೆ. ಬೇರೆಯವರಿಗೆ ಅದು ಬಳ್ಳಿಯೋ ಹಾವಿನ ಮರಿಯೋ ಆಗಿ ಕಂಡೀತು. ನಾನು ಹಡಗಲಿಯಲ್ಲಿ ಡಿಗ್ರಿ ಹುಡುಗರಿಗೆ ಗಣಿತ ಕಲಿಸುವವಳು, ದಿನಾ ಬೋರ್ಡಿನ ಮೇಲೆ ಅದನ್ನು ಎಳೆಯುವವಳು. ನನಗದು ಇಂಟಿಗ್ರಲ್ ಚಿಹ್ನೆ. ಅದೂ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುಗಿತ್ತು.

ಇದನ್ನು ಇಲ್ಲಿ ಯಾರು ಹಾಕಿದರು? ಹಾಕಬೇಕಾದವಳು ಹೋಗಿಯೇ ಎಷ್ಟೋ ವರ್ಷವಾಯಿತಲ್ಲ…

ಆಕೆಯನ್ನು ಓಣಿಯವರೆಲ್ಲ ‘ಹರಪನಹಳ್ಳಿ ಸೊಸಿ’ ಅನ್ನುತ್ತಿದ್ದರು. ನನಗೆ ಅಕ್ಕ. ನಾನು ಬಿ.ಎಸ್ಸಿ. ಮೊದಲ ವರ್ಷಕ್ಕೆ ಸೇರುವ ಹೊತ್ತಿಗೆ ಆಕೆ ಆ ಮನೆಗೆ ಬಂದು ಒಂದೆರಡು ವರ್ಷವಾಗಿತ್ತು. ನಾವೆಲ್ಲ ‘ಐತಿ’ ಅಂದರೆ ಆಕೆ ‘ಐತೆ’ ಅನ್ನುತ್ತಿದ್ದಳು. ನಾನು ಅಣಕಿಸಿದರೆ ಹಿಟ್ಟಿನ ಕೈಯಲ್ಲೇ ಗಲ್ಲ ಹಿಂಡುತ್ತಿದ್ದಳು. ಆಕೆಯೂ ಗಣಿತದವಳು ಅನ್ನುವುದು ನನಗೆ ಗೊತ್ತಾದದ್ದು ಮಾತ್ರ ಆಕಸ್ಮಿಕ. ಆಲ್ಜೀಬ್ರಾದ ಒಂದು ಲೆಕ್ಕ ಬಗೆಹರಿಯದೆ, ಅಳುಮೋರೆ ಹಾಕಿಕೊಂಡು ಅವರ ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದೆ.

“ಏನದು? ಓದು ನೋಡೋಣ,” ಅಂದಳು ಅಕ್ಕ, ರೊಟ್ಟಿ ಬಡಿಯುತ್ತಲೇ.

ಓದಿದೆ. ಹಲಗೆಯ ಮೇಲೆ ಜೋಳದ ಹಿಟ್ಟು ಉದುರಿಸಿ ಅಂಗೈಯಿಂದ ಸವರಿದಳು. ಬೆರಳಿನಿಂದ ಮೂರು ಸಾಲು ಬರೆದಳು. ಉತ್ತರ ಬಂದೇಬಿಟ್ಟಿತು! ನಾನು ಬಾಯಿ ಬಿಟ್ಟುಕೊಂಡು ನೋಡುವಷ್ಟರಲ್ಲಿ ಅದರ ಮೇಲೆ ಹಿಟ್ಟಿನ ಉಂಡೆ ಇಟ್ಟು ಪಟಪಟ ಬಡಿದುಬಿಟ್ಟಳು. ಲೆಕ್ಕವೆಲ್ಲ ರೊಟ್ಟಿಯ ಹೊಟ್ಟೆಗೆ ಹೋಯಿತು.

ಆ ಹಲಗೆ ಹಿಡಿಸುವುದು ಅಷ್ಟೇ ಸಾಲು. ಹಂಚಿನ ಮೇಲಿನ ರೊಟ್ಟಿ ಕೊಡುವುದೂ ಅಷ್ಟೇ ಹೊತ್ತು. ಮಿಕ್ಕಿದ್ದನ್ನು ಅಕ್ಕ ತಲೆಯಲ್ಲೇ ಮಾಡುತ್ತಿದ್ದಳು. ನಾನೂ ಹಾಗೆಯೇ ಕಲಿತೆ. ಆಲ್ಜೀಬ್ರಾ ಮುಗಿಯಿತು, ಕ್ಯಾಲ್ಕ್ಯುಲಸ್ ಬಂತು. ಇಂಟಿಗ್ರಲ್ ಬರೆದು ಕೊನೆಗೆ ಡಿ ಎಕ್ಸ್ ಹಾಕುವುದನ್ನು ನಾನು ಮರೆಯದ ದಿನವಿಲ್ಲ.

“ಬಾಲ ಎಲ್ಲಿ ಹೋಯ್ತೇ?” ಎಂದು ರೇಗುತ್ತಿದ್ದಳು. “ಯಾವುದರ ಗುಂಟ ಕೂಡಿಸ್ತೀನಿ ಅಂತ ಹೇಳದೆ ಕೂಡಿಸಿದ್ರೆ ಏನು ಬಂತು?”

ಯಾವ ಲೆಕ್ಕ ಮುಗಿದರೂ ಆಕೆಯದು ಒಂದೇ ಪ್ರಶ್ನೆ. “ಇದರ ಮುಂದೆ ಏನೈತೆ?” ನನಗೋ ಪರೀಕ್ಷೆ ದಾಟಿದರೆ ಸಾಕಾಗಿತ್ತು. ಆಕೆಗೆ ಆಚೆ ಏನಿದೆ ನೋಡುವ ಹುಚ್ಚು. ಡಿಫರೆನ್ಷಿಯಲ್ ಈಕ್ವೇಶನ್ ಅಂದರೇನು ಅಂತ ನಾನು ಕೇಳಿದಾಗ, ಆಗಷ್ಟೇ ತೆಗೆದ ರೊಟ್ಟಿಯನ್ನು ನನ್ನ ಕೈಗೆ ಹಾಕಿದಳು. ನಾನು ‘ಹಾ ಹಾ’ ಅಂತ ಆ ಕೈಯಿಂದ ಈ ಕೈಗೆ ಎಸೆದಾಡಿದೆ. “ಈಗ ಭರಭರ ಆರ್ತೈತೆ. ಆರ್ತಾ ಆರ್ತಾ ನಿಧಾನ ಆಗ್ತೈತೆ. ಎಷ್ಟು ಬಿಸಿ ಉಳಿದೈತೋ ಅದರ ಮೇಲೆ ಆರೋ ವೇಗ. ಅದನ್ನ ಬರೆದ್ರೆ ಅದೇ ಈಕ್ವೇಶನ್. ಬರೆದದ್ದು ಸಾಕು, ತಿನ್ನು,” ಅಂದಳು. ಇವತ್ತಿಗೂ ನಾನು ತರಗತಿಯಲ್ಲಿ ಆ ಪಾಠವನ್ನು ರೊಟ್ಟಿಯಿಂದಲೇ ಶುರು ಮಾಡುತ್ತೇನೆ.

ವಿಚಿತ್ರವೆಂದರೆ, ಆ ಪೇಪರಿನಲ್ಲೇ ಅಕ್ಕ ಫೇಲಾಗಿದ್ದಳು. ಡಿಗ್ರಿಯ ಕೊನೆಯ ಪರೀಕ್ಷೆಗೂ ಮದುವೆಗೂ ದಿನ ತಳಕು ಬಿದ್ದು ಅದೊಂದು ಪೇಪರು ತಪ್ಪಿತ್ತು. ಆಮೇಲೆ ಫೀಸು ಕಟ್ಟಿ ಬರೆದಳು, ಆಗಲೂ ಹೋಯಿತು. ಅದೊಂದು ಆದರೆ ಡಿಗ್ರಿ, ಇಲ್ಲದಿದ್ದರೆ ಮೂರು ವರ್ಷದ ಓದು ನೀರಿಗೆ ಬಿದ್ದಂತೆ. ಹಳೇ ಸಿಲಬಸ್ಸಿನವರಿಗೆ ಆ ವರ್ಷವೇ ಕೊನೇ ಅವಕಾಶ ಎಂದು ಬೇರೆ ಸುದ್ದಿ ಬಂತು. ಇಷ್ಟು ಬಲ್ಲವಳು ಫೇಲು ಹೇಗಾದಳು? ನನಗೆ ತಲೆ ಕೆಟ್ಟುಹೋಗಿತ್ತು.

ಉತ್ತರ ಸಿಕ್ಕಿದ್ದು ನನ್ನ ಟೆಸ್ಟಿನಲ್ಲಿ. ಎಲ್ಲ ಲೆಕ್ಕದ ಉತ್ತರವೂ ಸರಿ, ಅಂಕ ಮಾತ್ರ ಅರ್ಧಕ್ಕೂ ಕಡಿಮೆ. “ಸ್ಟೆಪ್ಸ್ ಎಲ್ಲವ್ವಾ? ಮೂರು ಸಾಲಿನಾಗ ಮುಗಿಸಿಬಿಟ್ಟೀಯಲ್ಲ, ಯಾರ್ದು ನೋಡಿ ಬರದಿ?” ಅಂದರು ಸರ್. ಮುಖ ಉರಿದುಹೋಯಿತು. ಅದನ್ನು ಹೇಳಿದಾಗ ಅಕ್ಕನ ಕೈ ಹಿಟ್ಟಿನಲ್ಲೇ ನಿಂತಿತು.

“ಹಂಗಾದ್ರೆ ನಂದೂ ಅದೇ ಆಗೈತೆ,” ಅಂದಳು. ಆಮೇಲೆ ಇಬ್ಬರೂ ಬಿದ್ದು ಬಿದ್ದು ನಕ್ಕೆವು. ನಗು ನಿಂತ ಮೇಲೆ ಆಕೆಯ ಮುಖ ನೋಡಲಾಗಲಿಲ್ಲ ನನಗೆ.

ಉದ್ದಕ್ಕೆ ಬರೆಯುವುದನ್ನು ಆಕೆ ಮತ್ತೆ ರೂಢಿ ಮಾಡಬೇಕಿತ್ತು. ಹಾಳೆ ಹಿಡಿದು ಕೂತರೆ ಆಕೆಯ ಮಗು ಎದ್ದು ಅಳುತ್ತಿತ್ತು, ಇಲ್ಲವೇ ಯಾರಾದರೂ ನೀರು ಕೇಳುತ್ತಿದ್ದರು. ಒಂದು ಬೆಳಿಗ್ಗೆ ನಾನು ಹಲ್ಲುಜ್ಜುತ್ತ ಹೊರಗೆ ಬಂದರೆ, ಅಕ್ಕ ರಂಗೋಲಿ ಬಟ್ಟಲು ಹಿಡಿದು ಬಗ್ಗಿದ್ದಾಳೆ. ಹೊಸ್ತಿಲಿನಿಂದ ಗಟಾರದ ತನಕ ಒಂದು ಇಡೀ ಲೆಕ್ಕ! ಮೊದಲಿಗೆ ಮಾರುದ್ದದ ಇಂಟಿಗ್ರಲ್, ಕೆಳಗೆ ಸಾಲಿನ ಮೇಲೆ ಸಾಲು. ಒಂದೂ ಬಿಟ್ಟಿರಲಿಲ್ಲ.

“ಅಂಗಳದಲ್ಲಿ ಬಗ್ಗಿದ ಹೆಂಗಸನ್ನ ಏನ್ಮಾಡ್ತಿದೀಯ ಅಂತ ಯಾರೂ ಕೇಳಲ್ಲ ನೋಡು,” ಎಂದು ಕಣ್ಣು ಮಿಟುಕಿಸಿದಳು.

ದಿನಾ ಒಂದು ಹೊಸ ಲೆಕ್ಕ. ಆಕೆಯ ಅತ್ತೆಗೆ ಓದು ಬರಹ ಇಲ್ಲ. ನಾನು ಅವರನ್ನು ದೊಡ್ಡವ್ವ ಅನ್ನುತ್ತಿದ್ದೆ. ಓಣಿಯ ಹೆಂಗಸರು ಕೇಳಿದರೆ ದೊಡ್ಡವ್ವ ಬೀಗುತ್ತ ಹೇಳುತ್ತಿದ್ದರು: “ಅಕಿ ತವರುಮನಿ ಕಡೇ ರಂಗೋಲಿನ ಹಂಗವ್ವಾ. ಹರಪನಹಳ್ಯಾಗ ಎಲ್ಲಾರೂ ಹಿಂಗ ಹಾಕ್ತಾರ.” ಹಾಲಿನವನು ಸೈಕಲ್ಲನ್ನು ಸುತ್ತು ಹಾಕಿಸಿಕೊಂಡು ಬರುತ್ತಿದ್ದ. ನಾನು ಒಳಗೆ ಓಡಿಹೋಗಿ ನಗುತ್ತಿದ್ದೆ.

ನಿಜ ಹೊರಬಿದ್ದದ್ದು ಪರೀಕ್ಷೆಯ ದಿನ. ಹರಪನಹಳ್ಳಿಗೆ ಹೋಗಿ ಬರೆಯಬೇಕಿತ್ತು. ಗಂಡನಿಗೆ ಗೊತ್ತಿತ್ತು, ಅತ್ತೆಗೆ ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಆವತ್ತೇ ಮನೆಗೆ ಬೀಗರು ಬರುವವರಿದ್ದರು. ಅಕ್ಕ ಸೀರೆ ಉಟ್ಟು ನಿಂತು, ತಲೆ ತಗ್ಗಿಸಿ, ಎಲ್ಲ ಹೇಳಿದಳು. ನಾನು ಬಾಗಿಲಲ್ಲೇ ನಿಂತಿದ್ದೆ.

“ಅಂದ್ರ ಅದು ರಂಗೋಲಿ ಅಲ್ಲೇನ?” ದೊಡ್ಡವ್ವ ಅಂಗಳ ನೋಡಿದರು, ಸೊಸೆಯನ್ನು ನೋಡಿದರು. “ಓಣಿ ತುಂಬ ಹೇಳಿಕೊಂಡು ಬಂದೀನಲ್ಲೇ ನಾನು! ಬಾಯಿ ಬಿಟ್ಟು ಹೇಳಾಕ ಏನಾಗಿತ್ತು ನಿನಗ?” ಬೈಯುತ್ತಲೇ ಒಳಗೆ ಹೋಗಿ ಹಲಗೆ ಎಳೆದುಕೊಂಡು ಕೂತರು. “ನಡಿ ನಡಿ, ಬಸ್ ತಪ್ಪತೈತಿ. ರೊಟ್ಟಿ ನಾ ಬಡೀತೀನಿ.”

ಅಕ್ಕ ಪಾಸಾದಳು. ಇಂಟರ್‌ನೆಟ್ ಸೆಂಟರಿನಲ್ಲಿ ನಂಬರ್ ಹಾಕಿ ನೋಡಿ, ಓಡೋಡಿ ಬಂದು ಹೇಳಿದವಳು ನಾನೇ. ಅಕ್ಕ ಕಣ್ಣೊರೆಸಿಕೊಂಡು ಕೇಳಿದ್ದೇನು ಗೊತ್ತೇ? “ಇದರ ಮುಂದೆ ಏನೈತೆ?”

ಮುಂದೆ ಬಹಳ ಇರಲಿಲ್ಲ… ನಾನು ಎಂ.ಎಸ್ಸಿ.ಗೆಂದು ಬಳ್ಳಾರಿಯಲ್ಲಿದ್ದೆ. ಜ್ವರವಂತೆ, ದಾವಣಗೆರೆಗೆ ಒಯ್ದರಂತೆ, ಉಳಿಯಲಿಲ್ಲವಂತೆ. ಅಂತೆ ಅಂತೆ ಅಂತಲೇ ನನಗೆ ಸುದ್ದಿ ಮುಟ್ಟಿತು. ನನಗೆ ಇಂದಿಗೂ ಆ ‘ಅಂತೆ’ಯ ಮೇಲಿನ ಸಿಟ್ಟು ಇಳಿದಿಲ್ಲ.

ಕಳೆದ ತಿಂಗಳ ಆ ಬೆಳಿಗ್ಗೆ, ಅಂಗಳದಲ್ಲಿ ನಿಂತ ನನ್ನನ್ನು ಕಂಡು ದೊಡ್ಡವ್ವ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಗುರುತು ಹಿಡಿದು ಕೈ ಸವರಿದರು.

“ದೊಡ್ಡವ್ವಾ, ಇದನ್ನ ಯಾರು ಹಾಕಿದ್ದು?”

“ನಾನ ಹಾಕೀನಿ. ಅಕಿ ದಿನಾ ಇದರಿಂದನ ಶುರು ಮಾಡ್ತಿದ್ಲಲ್ಲ. ಉಳಿದದ್ದು ನನಗೇನು ತಿಳೀತೈತಿ? ಇದೊಂದು ಕೈಯಾಗ ಉಳಕಂಡೈತಿ.” ನನ್ನ ಕಡೆ ತಿರುಗಿ ಕೇಳಿದರು, “ಏನಂಬೋದವ್ವಾ ಇದಕ್ಕ? ಅಕೀನ್ನ ಒಂದಿನಾನೂ ಕೇಳಲಿಲ್ಲ ನೋಡು.”

“ಸಣ್ಣ ಸಣ್ಣವನ್ನೆಲ್ಲ ಕೂಡಿಸೋದು ಅಂತ, ದೊಡ್ಡವ್ವಾ.”

“ಹೌದೇನು…” ಅಂದರು, ಗೆರೆಯನ್ನೇ ನೋಡುತ್ತ.

ದಿನಾ ಕೆಂಪು ಪೆನ್ನು ಹಿಡಿಯುವವಳು ನಾನು. ಆದರೂ ಆ ತಿರುಗಿದ ಗೆರೆಯನ್ನು ತಿದ್ದಲು ಕೈ ಬರಲಿಲ್ಲ. ಹೊಸ್ತಿಲ ಮೇಲಿದ್ದ ಬಟ್ಟಲಿನಿಂದ ಒಂದು ಚಿಟಿಕೆ ರಂಗೋಲಿ ತೆಗೆದುಕೊಂಡು, ಬಗ್ಗಿ, ಅದರ ಮುಂದೆ ಡಿ ಎಕ್ಸ್ ಬರೆದೆ.

“ಹಾಂ! ಅದೊಂದು ಬಾಲ ಇತ್ತು, ಹೌದು! ನನಗ ನೆನಪ ಆಗವಲ್ದಾಗಿತ್ತು.” ದೊಡ್ಡವ್ವನ ಮುಖ ಅರಳಿತು. ಹತ್ತಿರ ಬಗ್ಗಿ ನೋಡುತ್ತ ಕೇಳಿದರು, “ಇದರ ಮುಂದ ಏನೈತವ್ವಾ?”

ಈಕ್ವಲ್ ಚಿಹ್ನೆಯ ಎರಡು ಗೆರೆ ಎಳೆದೆ. ಅಕ್ಕ ಅಲ್ಲಿಂದ ಮುಂದೆ ಯಾವ ಲೆಕ್ಕ ಬರೆಯುತ್ತಿದ್ದಳೋ, ಒಂದೂ ನೆನಪಿಗೆ ಬರಲಿಲ್ಲ. ಆಕೆ ಇಲ್ಲ ಅನ್ನುವುದು ಇಷ್ಟು ವರ್ಷದ ಮೇಲೆ, ಆ ಎರಡು ಗೆರೆಯ ಮುಂದಿನ ಖಾಲಿ ನೆಲ ನೋಡಿದಾಗ, ನನಗೆ ನಿಜವಾಗಿ ಗೊತ್ತಾಯಿತು.